ಹೂಂಗುಟ್ಟಲು ಒಬ್ಬರು ಬೇಕು

ಹೊಳೆಯಾಚೆಯ ಅಜ್ಜಿಯೊಬ್ಬರ ಮಾತಿನ ಮೊದಲ ರೆಕಾರ್ಡಿಂಗ್ 47 ನಿಮಿಷದ್ದು. ಹೊಳೆ ದಾಟಿ ಮನೆಗೆ ಬಂದು, ಊಟ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಲು ಕೂತೆ. ಅಜ್ಜಿಯ ದನಿ ಚೆನ್ನಾಗಿಯೇ ಬಂದಿತ್ತು. ಆದರೆ ಅವರು ಎರಡು ಮಾತು ಆಡುವಷ್ಟರಲ್ಲಿ ನಡುವೆ ಒಂದು "ಹೂಂ". ಇನ್ನೆರಡು ಮಾತು, ಮತ್ತೊಂದು "ಹೂಂ". ಆಮೇಲೆ "ಹೌದಾ ಅಜ್ಜಿ", "ಅಯ್ಯೋ", "ಮತ್ತೆ?" ಎಲ್ಲಾ ನನ್ನವೇ. ಮೈಕು ನನ್ನ ಕೈಯಲ್ಲಿತ್ತಲ್ಲ, ಹಾಗಾಗಿ ನನ್ನ ಹೂಂ ಅಜ್ಜಿಯ ಮಾತಿಗಿಂತ ಜೋರು. ಕತ್ತರಿಸಿ ತೆಗೆಯೋಣ ಅಂದರೆ ಅರ್ಧಕ್ಕರ್ಧ ಅವರ ಮಾತಿನ ಮೇಲೇ ಕೂತಿವೆ. ಒಂದನ್ನು ತೆಗೆದರೆ ಇನ್ನೊಂದರ ಕಾಲು ಮುರಿಯುತ್ತದೆ.

ನಮ್ಮದು ಪುಟ್ಟ ಸಮುದಾಯ ರೇಡಿಯೋ. ನಾನು ಅಲ್ಲಿ ಸಂಬಳವಿಲ್ಲದ ಕೆಲಸದವಳು, ಶನಿವಾರ ಭಾನುವಾರದ ಗಿರಾಕಿ. 2025ರ ಫೆಬ್ರವರಿಯಲ್ಲಿ ಒಂದು ಮಾತು ಬಂತು. ಶರಾವತಿ ಹಿನ್ನೀರಿಗೆ ಕಟ್ಟುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇನ್ನೇನು ಮುಗಿಯುತ್ತದೆ. ಅದಕ್ಕೆ ಮುಂಚೆ ಹೊಳೆಯಾಚೆಯ ಬದುಕಿನ ಬಗ್ಗೆ ಒಂದು ಸಾಕ್ಷ್ಯ ಕಾರ್ಯಕ್ರಮ ಮಾಡಬೇಕು, ಅರ್ಧರ್ಧ ಗಂಟೆಯ ಮೂರು ಕಂತು. ಯಾರು ಮಾಡ್ತೀರಿ ಅಂದರು. ನಾನು ಕೈ ಎತ್ತಿದೆ. ಸಾಗರದ ಹುಡುಗಿ, ಜನರನ್ನೂ ಬಸ್ಸನ್ನೂ ಹೊಳೆ ದಾಟಿಸುವ ಲಾಂಚು ನೋಡಿದ್ದೇನೆ, ಹೊಳೆಯಾಚೆಯ ಸಿಗಂದೂರಿನ ದೇವಸ್ಥಾನಕ್ಕೆ ಹತ್ತು ಸಲ ಹೋಗಿದ್ದೇನೆ, ಇನ್ನೇನು ಬೇಕು ಅನ್ನುವ ಧೈರ್ಯ.

ಆ ಜಾಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ತುಂಬಿದಾಗ ಸಾಗರ ತಾಲ್ಲೂಕಿನ ಕರೂರು, ಭಾರಂಗಿ ಹೋಬಳಿಗಳು ಊರಿನಿಂದ ಕಡಿದುಹೋದವು. ಒಂದು ಕಡೆ ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಸೇತುವೆ ಆಗುವವರೆಗೆ ಹೊಳೆಯಾಚೆಯ ತುಮರಿಯವರು ಸಾಗರದ ಸಂತೆಗೆ ಬರಬೇಕೆಂದರೆ ಲಾಂಚು ಹತ್ತಬೇಕಿತ್ತು, ಇಲ್ಲವೇ ಕಾಡಿನ ದಾರಿಯಲ್ಲಿ ಸುತ್ತಿ ಬರಬೇಕಿತ್ತು. ಸಂಜೆ ಕೊನೆಯ ಲಾಂಚು ಹೋದರೆ ಆವತ್ತಿನ ಊರು ಮುಗಿಯಿತು. ಈ ನೀರಿನಿಂದಲೇ ನಡೆಯುವ ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್‌ನದು. ಇದೆಲ್ಲ ಪೇಪರಿನಲ್ಲಿ ಎಷ್ಟೋ ಸಲ ಬಂದಿದೆ. ಅದೇ ತೊಂದರೆಯಾದದ್ದು.

ಮೊದಲ ದಿನ ಕಡವಿನ ಹತ್ತಿರ ಒಂದು ಚಾ ಅಂಗಡಿಯಲ್ಲಿ ರೆಕಾರ್ಡರ್ ತೆಗೆದೆ. ಅಲ್ಲಿದ್ದವರೊಬ್ಬರು ಲೋಟ ಕೆಳಗಿಟ್ಟು, "ಟಿವಿಯವರನಾ?" ಅಂದರು. ರೇಡಿಯೋ ಅಂದೆ. "ಆತು. ಎಷ್ಟು ನಿಮಿಷದ್ದು ಬೇಕು?" ಅಂದರು.

ನಾನು ತಬ್ಬಿಬ್ಬಾದೆ. ಅವರು ಎರಡು ನಿಮಿಷ ಮಾತಾಡಿದರು. ಒಂದು ತೊದಲಿಲ್ಲ, ಒಂದು ನಿಲುಗಡೆಯಿಲ್ಲ. ನಾಡಿಗೆ ಬೆಳಕು ಕೊಟ್ಟ ನಾವು ಕತ್ತಲಲ್ಲಿದ್ದೇವೆ ಅಂತ ಶುರುಮಾಡಿ, ಆಸ್ಪತ್ರೆ, ಹೆರಿಗೆ, ಹಕ್ಕುಪತ್ರ, ನೆಟ್‌ವರ್ಕ್ ಎಲ್ಲಾ ಮುಟ್ಟಿ, ಸರ್ಕಾರ ಕಣ್ಣು ತೆರೆಯಬೇಕು ಅಂತ ಮುಗಿಸಿದರು. ಆ ದಿನ ಇನ್ನೂ ನಾಲ್ಕು ಜನರನ್ನು ಮಾತಾಡಿಸಿದೆ. ನಾಲ್ವರೂ ಬೆಳಕು–ಕತ್ತಲಿನಿಂದಲೇ ಶುರುಮಾಡಿದರು.

ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಷ್ಟೂ ನಿಜ. ಅರವತ್ತು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು, ಬಂದ ಪ್ರತಿ ಅಧಿಕಾರಿಯ ಮುಂದೆ ನಿಂತು ಹೇಳಿ ಹೇಳಿ ಆ ಮಾತು ಹಾಗೆ ನಯವಾಗಿದೆ. ಆದರೆ ಅದು ಮನವಿಪತ್ರದ ಕನ್ನಡ. ರೇಡಿಯೋದಲ್ಲಿ ಹಾಕಿದರೆ ಕೇಳುವವರಿಗೆ ಆ ಮನುಷ್ಯ ಕಾಣುವುದೇ ಇಲ್ಲ, ಅರ್ಜಿ ಕಾಣುತ್ತದೆ.

ಹಾಗಾಗಿ ಅಜ್ಜಿಯ ಮನೆಗೆ ಹೋದದ್ದು. ಎಂಬತ್ತರ ಆಸುಪಾಸು. ಗುಡ್ಡದ ಮೇಲಿನ ಹೆಂಚಿನ ಮನೆ, ಜಗುಲಿ ಗೋಡೆಯ ಮೇಲೆ ಮಸುಕಾದ ಹಸೆ ಚಿತ್ತಾರ, ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ ತಟ್ಟಿ. ಮುಳುಗಡೆಯಾದಾಗ ಅವರಿಗೆ ಮದುವೆಯಾಗಿ ಒಂದು ಮಗುವಾಗಿತ್ತಂತೆ. ಮಾತಿಗೆ ಕೂತರೆ ಎದ್ದೇಳುವವರಲ್ಲ. ನನ್ನ 47 ನಿಮಿಷದ ಹೂಂ ಪುರಾಣ ಅವರ ಮನೆಯಲ್ಲೇ ಆದದ್ದು.

ಮುಂದಿನ ಶನಿವಾರ ಮತ್ತೆ ಹೋದೆ. ಈ ಸಲ ಶಪಥ ಮಾಡಿದ್ದೆ. ಬಾಯಿ ಬಿಡಬಾರದು, ತಲೆ ಮಾತ್ರ ಆಡಿಸಬೇಕು. ನಮ್ಮ ರೇಡಿಯೋದಲ್ಲಿ ತರಬೇತಿ ಕೊಟ್ಟವರು ಹೇಳಿದ್ದೂ ಇದನ್ನೇ. ಕಣ್ಣಲ್ಲಿ ಕೇಳಿ, ಬಾಯಲ್ಲಲ್ಲ ಅಂದಿದ್ದರು. ಅಜ್ಜಿ ಶುರುಮಾಡಿದರು. ನಾನು ತಲೆ ಆಡಿಸಿದೆ. ಎರಡು ನಿಮಿಷವಾಯಿತು, ಮಾತು ನಿಧಾನವಾಯಿತು. ಮೂರನೇ ನಿಮಿಷಕ್ಕೆ ನಿಂತೇ ಹೋಯಿತು.

"ಕೇಳ್ತಾ ಇದೀಯನಾ ತಂಗಿ, ಎದ್ದು ಹೋದ್ಯನಾ?"

ಅವರ ಕಣ್ಣಿಗೆ ಪೊರೆ. ಎದುರಿಗೆ ಕೂತವಳು ನೆರಳಿನ ಹಾಗೆ ಕಾಣುತ್ತಾಳೆ, ತಲೆ ಆಡಿಸುವುದೆಲ್ಲಿ ಕಾಣಬೇಕು? ಕಣ್ಣು ಚೆನ್ನಾಗಿದ್ದಿದ್ದರೂ ಅಷ್ಟೇ ಅನ್ನಿಸುತ್ತದೆ. ನಮ್ಮಲ್ಲಿ ಕಥೆ ಹೇಳುವುದು ಒಬ್ಬರ ಕೆಲಸ ಅಲ್ಲ. ಹೇಳುವವರು ಒಬ್ಬರು, ಹೂಂಗುಟ್ಟುವವರು ಒಬ್ಬರು. ಹೂಂ ನಿಂತರೆ ಮಗು ಮಲಗಿತು ಅಂತ ಅರ್ಥ, ಕಥೆ ಅಲ್ಲಿಗೆ ಮುಗಿಯುತ್ತದೆ. ನನ್ನ ತರಬೇತಿಯ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ದಾರಿ ತೋರಿಸಿದ್ದು ಅಜ್ಜಿಯ ಸೊಸೆ. ಪಕ್ಕದ ಮನೆಯಿಂದ ಅಜ್ಜಿಯ ಓರಗೆಯ ಇನ್ನೊಬ್ಬ ಅಮ್ಮನನ್ನು ಕರೆದು ತಂದು ಜಗುಲಿಯ ಆ ತುದಿಯಲ್ಲಿ ಕೂರಿಸಿದರು. "ನೀವು ಹೂಂ ಅನ್ನಿ ಅಮ್ಮ, ಇವಳ ಮಿಷಿನ್ನಿಗೆ ಆಗೂದಿಲ್ಲಂತೆ" ಅಂದರು. ನಾನು ಮೈಕನ್ನು ಅಜ್ಜಿಯ ಎದೆಯ ಹತ್ತಿರ ಹಿಡಿದೆ. ಆ ಅಮ್ಮ ಎಂಟಡಿ ದೂರ. ಹೂಂ ಸಣ್ಣಗೆ, ಹಿಂದಿನಿಂದ ಬರುತ್ತಿತ್ತು. ಎಷ್ಟು ಚೆಂದ ಕೇಳಿಸುತ್ತಿತ್ತು ಅಂದರೆ, ಒಬ್ಬರು ನಡೆಯುವಾಗ ಇನ್ನೊಬ್ಬರ ಹೆಜ್ಜೆ ಕೇಳಿಸುತ್ತದಲ್ಲ, ಹಾಗೆ.

ಇಷ್ಟೇ ಆಗಿದ್ದರೆ ಅದೊಂದು ಉಪಾಯ ಅಂತ ಬಿಡಬಹುದಿತ್ತು. ಆದರೆ ಮಾತೇ ಬದಲಾಯಿತು. ನನಗೆ ಹೇಳುವಾಗ ಅಜ್ಜಿ ಎಲ್ಲವನ್ನೂ ವಿವರಿಸುತ್ತಿದ್ದರು. ಡ್ಯಾಮು ಬಂತು, ನೀರು ಬಂತು, ಕಷ್ಟ ಆಯಿತು. ಆ ಅಮ್ಮನಿಗೆ ವಿವರಿಸುವುದು ಏನಿದೆ? ಅವರೂ ಅದೇ ನೀರು ನೋಡಿದವರು. ಹಾಗಾಗಿ ಅಜ್ಜಿ ನೇರ ಸಣ್ಣ ವಿಷಯಕ್ಕೇ ಇಳಿದರು. ಮಳೆಗಾಲದಲ್ಲಿ ನೀರು ಏರುವಾಗ ಮಾವ ಗದ್ದೆ ಬದುವಿನಲ್ಲಿ ಒಂದು ಗೂಟ ಹುಗಿದಿದ್ದರಂತೆ. ದಿನಾ ಬೆಳಿಗ್ಗೆ ಎದ್ದು ಗೂಟ ನೋಡಿ ಬರುವುದು. ಒಂದು ದಿನ ಗೂಟ ಕಾಣಲಿಲ್ಲ. ಹೆಂಚು ಇಳಿಸಿದರು, ಬಾಗಿಲು ಕಿತ್ತರು, ದಾರಂದ, ಅಂದರೆ ಬಾಗಿಲ ಚೌಕಟ್ಟು, ಮಾತ್ರ ಬರಲಿಲ್ಲ. ಗಂಡ ಕೊಡಲಿ ತಂದರೆ ಅತ್ತೆ ಅಡ್ಡ ನಿಂತರಂತೆ. ಕಡಿಯಬೇಡ, ಅದು ಅಲ್ಲೇ ಇರಲಿ, ಮನೆ ಅಂತ ಗುರುತಿಗೆ.

ಆ ಅತ್ತೆಗೆ ಅದು ಎರಡನೇ ಸಲ. ಲಿಂಗನಮಕ್ಕಿಗೆ ಮುಂಚೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಇತ್ತು. 1948ರಲ್ಲಿ ಜೋಗದ ಮೊದಲ ವಿದ್ಯುತ್ತಿಗೆ ನೀರು ಕೊಟ್ಟದ್ದು ಅದು. ಅದಕ್ಕೆ ಒಮ್ಮೆ ಎದ್ದು ಬಂದವರನ್ನು ಇದು ಮತ್ತೊಮ್ಮೆ ಎಬ್ಬಿಸಿತು. ಆಮೇಲೆ ಆ ಅಣೆಕಟ್ಟೂ ಈ ನೀರಿನಲ್ಲೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಮೈ ತೋರಿಸುತ್ತದೆ. ಜನ ಹೋಗಿ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. "ಮುಳುಗಿಸಿದ್ದೂ ಮುಳುಗಿತು ನೋಡು" ಅಂದರು ಆ ಅಮ್ಮ. ಅಜ್ಜಿ ನಕ್ಕರು. ಆ ನಗು ಕಾರ್ಯಕ್ರಮದಲ್ಲಿ ಇದೆ, ಪೂರ್ತಿ ಹಾಕಿದೆ.

ಜಗಳವೂ ಆಯಿತು. ಮನೆ ಬಿಟ್ಟ ದಿನ ಒಂದು ಪ್ರಾಣಿ ಕಟ್ಟು ಹರಿದುಕೊಂಡು ವಾಪಸ್ ಹಳೆ ಕೊಟ್ಟಿಗೆಗೇ ಓಡಿತಂತೆ. ಎಮ್ಮೆ ಅಂದರು ಅಜ್ಜಿ. ಕೋಣ ಅಂದರು ಆ ಅಮ್ಮ. "ನಮ್ಮನೆ ಎಮ್ಮೆ ನಂಗೊತ್ತಿಲ್ಲನಾ?" "ನಂಗೂ ಗೊತ್ತು, ನಾನೇ ಹಿಡಿಯಕ್ಕೆ ಹೋಗಿದ್ದು." ಆರು ನಿಮಿಷ ಅದೇ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಪುಣ್ಯಕ್ಕೆ ಬ್ಯಾಟರಿ ಮುಗಿಯಲಿಲ್ಲ.

ಅಜ್ಜಿಯ ಮನೆಯಲ್ಲಿ ಕಲಿತದ್ದು ಇನ್ನೊಂದಿದೆ. ಅಲ್ಲಿ ಎಲ್ಲರೂ ಮಾತಾಡುವಾಗ ಕೈ ತೋರಿಸುತ್ತಾರೆ. "ಅಲ್ಲಿತ್ತು ಮನೆ." "ಆ ಕಡೆಯಿಂದ ಬಂತು ನೀರು." ರೇಡಿಯೋಗೆ ಬೆರಳು ಕಾಣುವುದಿಲ್ಲ. ಮನೆಗೆ ಬಂದು ಕೇಳಿದರೆ ಬರೀ ಅಲ್ಲಿ, ಇಲ್ಲಿ, ಆಚೆ. ಅದರಲ್ಲೂ ಈ ಆಚೆ ಬಹಳ ಮೋಸದ್ದು. ನಮಗೆ ಸಾಗರದವರಿಗೆ ಹೊಳೆಯಾಚೆ ಅಂದರೆ ತುಮರಿ. ಅವರಿಗೆ ಹೊಳೆಯಾಚೆ ಅಂದರೆ ನಾವು. ಎರಡು ದಿನದ ರೆಕಾರ್ಡಿಂಗಿನಲ್ಲಿ ಯಾರು ಯಾವ ಆಚೆಗೆ ಹೋದರು ಅಂತ ಬಿಡಿಸುವುದರೊಳಗೆ ಸಾಕಾಯಿತು. ಆಮೇಲಿಂದ ಯಾರಾದರೂ ಬೆರಳು ಎತ್ತಿದ ತಕ್ಷಣ "ಅಲ್ಲಿ ಅಂದರೆ ಎಲ್ಲಿ, ಏನು ಕಾಣ್ತಾ ಇದೆ?" ಅಂತ ಕೇಳುವುದು ಅಭ್ಯಾಸ ಮಾಡಿಕೊಂಡೆ. ಒಬ್ಬರು, "ನೀರು ಕಾಣ್ತಾ ಇದೆ, ಇನ್ನೆಂತ ಕಾಣ್ತದೆ" ಅಂದರು. ಅದನ್ನೂ ಹಾಕಿದೆ.

ಲಾಂಚಿನ ರೆಕಾರ್ಡಿಂಗ್ ಸುಲಭ ಅಂದುಕೊಂಡಿದ್ದೆ. ಇದ್ದದ್ದರಲ್ಲಿ ಅದೇ ಕಷ್ಟವಾಯಿತು. ಮೊದಲನೆಯದಾಗಿ ಗಾಳಿ. ಹಿನ್ನೀರಿನ ಮೇಲೆ ಮಧ್ಯಾಹ್ನದ ಗಾಳಿ ಮೈಕಿಗೆ ಬಡಿದರೆ ಬಟ್ಟೆ ಹರಿದ ಹಾಗೆ ಶಬ್ದ. ಮೈಕಿಗೆ ಹಾಕುವ ತುಪ್ಪಟದ ಟೋಪಿ ಒಂದಿದೆ, ನಮ್ಮ ಹತ್ತಿರ ಇರಲಿಲ್ಲ. ನನ್ನ ಅಕ್ಕನ ಮಗಳ ಹಳೇ ಕರಡಿ ಬೊಂಬೆಯ ಹೊಟ್ಟೆ ಕತ್ತರಿಸಿ ಹೊಲಿದೆ. ಕೆಲಸ ಮಾಡಿತು. ಲಾಂಚಿನ ಮಕ್ಕಳೆಲ್ಲ ಬಂದು ಮುಟ್ಟಿ ನೋಡುವವರೇ. ಇದು ಕಚ್ಚುತ್ತಾ ಅಂತ ಒಬ್ಬ ಕೇಳಿದ.

ಎರಡನೆಯದು ಇಂಜಿನ್. ಡೀಸೆಲ್ ಇಂಜಿನ್ನಿನ ಗುಡುಗುಡು ನಮ್ಮ ಕಿವಿಗೆ ಎರಡು ನಿಮಿಷದಲ್ಲಿ ಒಗ್ಗಿಹೋಗುತ್ತದೆ. ಮೈಕಿಗೆ ಒಗ್ಗುವುದಿಲ್ಲ. ಅದರ ಪಕ್ಕ ನಿಂತು ಮಾಡಿದ ಮೂರು ಸಂದರ್ಶನ ಕಸದ ಬುಟ್ಟಿಗೆ ಹೋದವು. ಕೊನೆಗೆ ಮಾತನ್ನು ದಡದಲ್ಲಿ ಮಾಡಿಕೊಂಡು ಶಬ್ದವನ್ನು ಬೇರೆಯಾಗಿ ಹಿಡಿದೆ. ಒಂದು ಇಡೀ ದಿನ ಯಾರನ್ನೂ ಮಾತಾಡಿಸದೆ ಸುಮ್ನೆ ಲಾಂಚಿನಲ್ಲಿ ಆಚೆ ಈಚೆ ಓಡಾಡಿದೆ. ಹಲಗೆ ಇಳಿಸುವ ಸರಪಳಿಯ ಕಿರಕಿರ. ಬಸ್ಸು ಹಿಂದಕ್ಕೆ ಹತ್ತಿಸುವಾಗ ಬಾಡಿ ತಟ್ಟಿ "ಬರ್ಲಿ, ಬರ್ಲಿ, ಬರ್ಲಿ, ಹಾಂ ಸಾಕ್" ಅನ್ನುವುದು. ಬಸ್ಸಿನ ಭಾರಕ್ಕೆ ಲಾಂಚು ಒಂದು ಸಲ ತಗ್ಗಿ ನೀರು ಅಡಿಯಲ್ಲಿ ಗಳಕ್ ಅನ್ನುವುದು. ಆ ಗಳಕ್ ನನಗೆ ಗೊತ್ತೇ ಇರಲಿಲ್ಲ. ಹೆಡ್‌ಫೋನ್ ಹಾಕಿದ ಮೇಲೆ ಸಿಕ್ಕಿದ್ದು.

ಲಾಂಚು ನಡೆಸುವವರೊಬ್ಬರು ಮೈಕು ಕಂಡರೆ ಕೈ ಮುಗಿದು ಬೇಡ ಅನ್ನುತ್ತಿದ್ದರು. ಸರ್ಕಾರಿ ಕೆಲಸ, ಏನಾದರೂ ಹೆಚ್ಚುಕಮ್ಮಿ ಆದರೆ ಅಂತ. ನಾನೂ ಒತ್ತಾಯ ಮಾಡಲಿಲ್ಲ. ಆದರೆ ಓಡಾಟದ ಆ ದಿನ, ರೆಕಾರ್ಡರ್ ಚೀಲದಲ್ಲಿದ್ದಾಗ, ಅವರೇ ಕರೆದು ನೀರು ತೋರಿಸಿದರು. ಬೇಸಿಗೆಯಾಗಿ ನೀರು ಇಳಿದಿತ್ತು. ಅಲ್ಲಲ್ಲಿ ಒಣಗಿದ ಮರದ ತುದಿಗಳು. ಎಲ್ಲಿ ಬೊಡ್ಡೆ ಇದೆ, ಎಲ್ಲಿ ಬಂಡೆ ಇದೆ, ಎಷ್ಟಡಿ ನೀರಿದ್ದರೆ ಯಾವುದರ ಮೇಲೆ ಹೋಗಬಹುದು ಅಂತ ಅವರಿಗೆ ಅಂಗೈ ಮೇಲಿನ ಗೆರೆಯ ಹಾಗೆ ಗೊತ್ತು. ನೋಡಿ, ಇಲ್ಲಿ ಒಬ್ಬರ ಮಾವಿನ ತೋಪಿತ್ತಂತೆ ಅಂದರು. ಇದನ್ನು ರೆಕಾರ್ಡ್ ಮಾಡಲಾ ಅಂತ ಕೇಳಿದೆ. ಬೇಡ ಅಂದರು. ಹಾಗಾಗಿ ಕಾರ್ಯಕ್ರಮದಲ್ಲಿ ಅವರಿಲ್ಲ.

ನೀರಿನ ಲೆಕ್ಕದ ಮಾತು ಬಂದಾಗ ಎಲ್ಲರೂ ರೇಡಿಯೋದ ಹೆಸರು ಎತ್ತಿದರು. ಆಕಾಶವಾಣಿ ಭದ್ರಾವತಿ ಶುರುವಾದದ್ದು 1965ರಲ್ಲಿ, ಅಂದರೆ ನೀರು ಬಂದ ಮರುವರ್ಷ. ಹೊಳೆಯಾಚೆಗೆ ಮೊದಲು ಬಂದ ಹೊಸ ವಸ್ತುಗಳಲ್ಲಿ ಬ್ಯಾಟರಿ ರೇಡಿಯೋ ಒಂದು. ಮಳೆಗಾಲದಲ್ಲಿ ವಾರ್ತೆಯಲ್ಲಿ ಜಲಾಶಯಗಳ ಮಟ್ಟ ಓದುತ್ತಾರಲ್ಲ, ಅದಕ್ಕೆ ಮಾತ್ರ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರಂತೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಬೇರೆಯವರಿಗೆ ಅದೊಂದು ಅಂಕಿ. ಇವರಿಗೆ ಯಾರ ಗದ್ದೆಯ ಕೊನೇ ಬದು ಅಂತ ಗೊತ್ತು. ಒಬ್ಬ ಅಜ್ಜ ಈಗಲೂ "1819" ಅನ್ನುವುದನ್ನು ವಾರ್ತೆ ಓದುವವರ ಧಾಟಿಯಲ್ಲೇ ಹೇಳಿದರು. "ಒಂದು ಸಾವಿರದ, ಎಂಟುನೂರಾ, ಹತ್ತೊಂಬತ್ತು." ಎರಡನೇ ಕಂತು ಅದರಿಂದಲೇ ಶುರುವಾಗುತ್ತದೆ.

ರಾತ್ರಿ ಲಾಂಚು ಸಿಗದ ಕಥೆಗಳು ಬೇಕಾದಷ್ಟು ಬಂದವು. ಎಲ್ಲವನ್ನೂ ಹಾಕಿದ್ದರೆ ಮೂರು ಕಂತೂ ಅಳುವಿನಲ್ಲೇ ಮುಗಿಯುತ್ತಿತ್ತು. ಒಂದನ್ನು ಇಟ್ಟುಕೊಂಡೆ, ನಲವತ್ತು ಸೆಕೆಂಡಿನದು. ಹೇಳಿದವರು ಆ ರಾತ್ರಿ ದಡದಲ್ಲಿ ಹೆಂಡತಿಯ ಜೊತೆ ಕೂತಿದ್ದವರು. ಅವರು ಸರ್ಕಾರದ ಬಗ್ಗೆ ಏನೂ ಹೇಳಲಿಲ್ಲ. ಆಚೆ ದಡದಲ್ಲಿ ಆಂಬುಲೆನ್ಸಿನ ಕೆಂಪು ದೀಪ ತಿರುಗುವುದು ಬೆಳಗಿನವರೆಗೆ ಕಾಣುತ್ತಿತ್ತು ಅಂದರು, ಅಷ್ಟೇ.

ಜೂನ್ ಹೊತ್ತಿಗೆ ನನ್ನ ಹತ್ತಿರ 14 ಗಂಟೆಯ ರೆಕಾರ್ಡಿಂಗ್ ಇತ್ತು. ಅದನ್ನು ಒಂದೂವರೆ ಗಂಟೆಗೆ ಇಳಿಸಬೇಕು. ಅಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್, ಆರು ವರ್ಷದ ಹಳೇ ಲ್ಯಾಪ್‌ಟಾಪ್, ಹೊರಗೆ ಮಲೆನಾಡಿನ ಮಳೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವುದು. ಮೊದಲು ಎಲ್ಲವನ್ನೂ ಕೈಯಲ್ಲಿ ಬರೆದುಕೊಂಡೆ, ಯಾರು ಎಷ್ಟನೇ ನಿಮಿಷಕ್ಕೆ ಏನು ಹೇಳಿದರು ಅಂತ. ಎರಡು ನೋಟ್‌ಬುಕ್ ತುಂಬಿತು. ಬೇಜಾರಿನ ಕೆಲಸ. ಅದನ್ನು ಮಾಡದೆ ಎಡಿಟಿಂಗಿಗೆ ಕೂತವರ ಕಾರ್ಯಕ್ರಮ ಕೇಳಿದರೇ ಗೊತ್ತಾಗುತ್ತದೆ ಬಿಡಿ.

ಮೊದಲ ಕಂತು ಸಿದ್ಧವಾದಾಗ ನಾಲ್ಕು ಜನ ಕೂತು ಕೇಳಿದೆವು. ಹಿರಿಯರೊಬ್ಬರು, ಮುಳುಗಡೆಯ ಭಾಗಕ್ಕೆ ಕೊಳಲು ಹಾಕು, ಎದೆ ಕರಗಬೇಕು ಅಂದರು. ನಾನು ಬೇಡ ಅಂದೆ. ಅಜ್ಜಿ ನಗುತ್ತಿರುವಾಗ ಹಿಂದೆ ಕೊಳಲು ಅಳುತ್ತಿದ್ದರೆ ಕೇಳುವವರು ಯಾರನ್ನು ನಂಬಬೇಕು? ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ಇನ್ನೊಂದು ತಕರಾರು ಹೂಂಗಳ ಬಗ್ಗೆ. ಹಿಂದೆ ಯಾರೋ ಹೂಂ ಹೂಂ ಅಂತಾರಲ್ಲ, ಅದನ್ನು ತೆಗಿ, ಕ್ಲೀನ್ ಆಗುತ್ತದೆ ಅಂದರು. ಅದನ್ನು ಕೇಳಿ ನೋಡೋಣ ಅಂತ ಒಂದು ರಾತ್ರಿ ಕೂತು ತೆಗೆದೆ. ಒಟ್ಟು 93 ಹೂಂ. ಬೆಳಿಗ್ಗೆ ಕೇಳಿದರೆ ಅಜ್ಜಿ ಖಾಲಿ ಮನೆಯಲ್ಲಿ ಒಬ್ಬರೇ ಮಾತಾಡುತ್ತಿದ್ದಾರೆ. ಹೆದರಿಕೆಯಾಯಿತು. 93ನ್ನೂ ವಾಪಸ್ ಹಾಕಿದೆ.

ನಾನೇ ಬರೆದ ಒಂದು ಸಾಲನ್ನು ಮಾತ್ರ ಕಿತ್ತೆಸೆಯಬೇಕಾಯಿತು. "ಶರಾವತಿಯ ನಡುವಿನ ಈ ದ್ವೀಪ" ಅಂತ ನಿರೂಪಣೆ ಶುರುವಾಗುತ್ತಿತ್ತು. ಹೂಂಗುಟ್ಟಿದ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ದ್ವೀಪ ಅಂತ ನಾವು ಆಫೀಸಿನಲ್ಲಿ ಹೇಳದು. ಮನೇಲಿ ಯಾರು ಹೇಳ್ತಾರೆ? ದ್ವೀಪಕ್ಕೆ ಹುಟ್ಟಿದಾಗಿಂದ ಸುತ್ತ ನೀರಿರತದೆ. ನಮ್ಮದು ನೀರು ಆಮೇಲೆ ಬಂದು ಸುತ್ತುಗಟ್ಟಿದ್ದು" ಅಂದರು. ಫೋನಿನಲ್ಲಿ ಹೇಳಿದ್ದು, ರೆಕಾರ್ಡ್ ಆಗಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ. ಮತ್ತೆ ಹೋಗಿ ಇನ್ನೊಮ್ಮೆ ಹೇಳಿ ಅಂದರೆ ಅದೇ ಮಾತು ಅದೇ ಹಾಗೆ ಬರುತ್ತದೆಯೇ?

ಜುಲೈ ಮೊದಲ ವಾರ ಮೂರೂ ಕಂತು ಪ್ರಸಾರವಾಯಿತು. ಸಮುದಾಯ ರೇಡಿಯೋಗೆ ನಮ್ಮದೇ ಸುದ್ದಿ ಹೇಳುವಂತಿಲ್ಲ, ಹಾಗಾಗಿ ಸೇತುವೆ ಯಾವಾಗ ಉದ್ಘಾಟನೆ ಅನ್ನುವ ತಂಟೆಗೆ ಹೋಗಲಿಲ್ಲ. ಈಚೆ ದಡದಲ್ಲಿ ತುಂಬಾ ಜನ ಕೇಳಿದರು. ಆದರೆ ನಮಗೆ ಅನುಮತಿ ಇರುವುದು 100 ವ್ಯಾಟ್‌ವರೆಗೆ ಮಾತ್ರ. ಬಯಲುಸೀಮೆಯಲ್ಲಾದರೆ ಹತ್ತು ಹದಿನೈದು ಕಿಲೋಮೀಟರ್ ಹೋಗಬಹುದು. ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. ಹೊಳೆಯಾಚೆಯ ಕಾರ್ಯಕ್ರಮ ಹೊಳೆಯಾಚೆಗೆ ಕೇಳಿಸಲೇ ಇಲ್ಲ. ಮೊಬೈಲಿಗೆ ಕಳಿಸೋಣ ಅಂದರೆ ಅಲ್ಲಿ ನೆಟ್‌ವರ್ಕು ಬರುವುದು ಬಿಡುವುದು ಅದರ ಇಷ್ಟ. ಬಸ್ಸಿನವರ ಕೈಯಲ್ಲಿ ಎರಡು ಪೆನ್‌ಡ್ರೈವ್ ಕಳಿಸಿದೆವು. ಒಂದು ತಲುಪಿತು.

ಜುಲೈ 14ರಂದು ಸೇತುವೆ ಶುರುವಾಯಿತು. 2018ರಲ್ಲಿ ಅಡಿಗಲ್ಲು ಹಾಕಿದ್ದು, 2.44 ಕಿಲೋಮೀಟರ್. ಆಗಸ್ಟಿನಲ್ಲಿ ಒಂದು ಭಾನುವಾರ ಅದರ ಮೇಲೆಯೇ ಬಸ್ಸಿನಲ್ಲಿ ಹೋದೆ. ಜೋರು ಮಳೆ, ಕಿಟಕಿ ಹಾಕಿದ್ದರು. ಪಕ್ಕದಲ್ಲಿ ಕೂತ ಹೆಂಗಸು ಬ್ಯಾಗಿನಿಂದ ಚಿಲ್ಲರೆ ಹುಡುಕಿ ಮುಗಿಸುವಷ್ಟರಲ್ಲಿ ಹೊಳೆ ದಾಟಿ ಆಗಿತ್ತು.

ಅಜ್ಜಿಯ ಮನೆಯ ಜಗುಲಿಯಲ್ಲಿ ಪುಟ್ಟ ಸ್ಪೀಕರ್ ಇಟ್ಟು ಮೊದಲ ಕಂತು ಹಾಕಿದೆ. ಪಕ್ಕದ ಮನೆ ಅಮ್ಮ ಮಗಳ ಮನೆಗೆ ಸಾಗರಕ್ಕೆ ಹೋಗಿದ್ದರು. ಈಗ ಯಾವಾಗ ಬೇಕಾದರೂ ಹೋಗಿಬರಬಹುದಲ್ಲ. ಅಜ್ಜಿ ಕಂಬಕ್ಕೆ ಒರಗಿ ಕೂತರು. ಸರಪಳಿಯ ಕಿರಕಿರ ಬಂತು, ಗಳಕ್ ಬಂತು, ಆಮೇಲೆ ಅವರದೇ ದನಿ. "ಯಾರಿದು, ಎಷ್ಟು ಮಾತಾಡ್ತಾಳೆ" ಅಂದರು. ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಗೂಟದ ಮಾತು ಬಂದಾಗ ಮೆಲ್ಲಗೆ "ಹೂಂ" ಅಂದರು. ದಾರಂದ ಬಂದಾಗ ಇನ್ನೊಂದು "ಹೂಂ". ಸ್ಪೀಕರಿನೊಳಗಿನ ಅಮ್ಮನೂ ಇವರೂ ಒಂದೇ ಸಲ ಹೂಂಗುಟ್ಟುತ್ತಿದ್ದರು.

ಎಮ್ಮೆಯ ಜಗಳ ಬಂತು. ಅಜ್ಜಿ ಕೈ ಎತ್ತಿ ನಿಲ್ಲಿಸು ಅಂದರು. ನಿಲ್ಲಿಸಿದೆ.

"ಕೋಣವೇ ಸೈ ತಂಗಿ. ಈಗ ನೆನಪಾತು" ಅಂದರು. "ಅವಳಿಗೆ ಹೇಳಬೇಡ."